ಹೆಡರ್‌ಗೆ ಸೆರಾಮಿಕ್ ಕೋಟಿಂಗ್: ಪವರ್ ಸಿಗುತ್ತಾ?

ಎಕ್ಸಾಸ್ಟ್ ಹೊಗೆ ಬಿಸಿಯಾಗಿದ್ದಷ್ಟೂ ವೇಗವಾಗಿ ಹೊರಗೆ ಹೋಗುತ್ತೆ. ಕೋಟಿಂಗ್ ಆ ಶಾಖವನ್ನ ಪೈಪಿನೊಳಗೇ ಹಿಡಿದಿಡುತ್ತೆ. ಇದರಿಂದ ಸಿಗೋ ಪವರ್ ಅಲ್ಪ. ಅಸಲಿ ಲಾಭ ಬಾನೆಟ್ ಕೆಳಗಿದೆ: ಇಂಜಿನ್ ಎಳೆದುಕೊಳ್ಳೋ ಗಾಳಿ 10 ಡಿಗ್ರಿ ತಂಪಾದರೆ ಸಾಂದ್ರತೆ ಸುಮಾರು 3% ಹೆಚ್ಚುತ್ತೆ. ಮೇ ತಿಂಗಳ ಬಿಸಿಲಲ್ಲಿ ಗಚ್ಚಿಬೌಲಿ ಟ್ರಾಫಿಕ್‌ನಲ್ಲಿ ನಿಂತವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಗ್ರಿಲ್‌ನಿಂದಲೇ ಗಾಳಿ ಎಳೆಯೋ ಕಾರಿಗೆ, ಓಡುವಾಗ ಆ ಲಾಭವೂ ಕಡಿಮೆ.

ಜೆಟ್ ಇಂಜಿನ್ ಟರ್ಬೈನ್ ಬ್ಲೇಡಿಗೂ ಜಿರ್ಕೋನಿಯಾ ಲೇಪನ ಹಾಕ್ತಾರೆ. ಇಲ್ಲೇ ಬಾಲಾಪುರದ ಎಆರ್‌ಸಿಐನಲ್ಲಿ ಇಂಥ ಲೇಪನಗಳ ಸಂಶೋಧನೆ ನಡೆಯುತ್ತೆ. ಬ್ಲೇಡಿನ ಮೇಲೆ ಅದರ ಮೊದಲ ಕೆಲಸ ಲೋಹವನ್ನ ಶಾಖದಿಂದ ಕಾಪಾಡೋದು.

ದುಡ್ಡು ಕೊಡೋ ಮುಂಚೆ ಬಾನೆಟ್ ಎತ್ತಿ ನೋಡಿ. ಫೋಕ್ಸ್‌ವ್ಯಾಗನ್ 1.0 ಟಿಎಸ್‌ಐನಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ ಒಳಗೇ ಇದೆ. ಕೋಟಿಂಗ್ ಹಾಕಿಸೋಕೆ ಹೆಡರ್ರೇ ಇಲ್ಲ!