ಕೂಸಿನೊಡನೆ ಕಡಲು ದಾಟಿದ ಆಯಾ

ಕೈಗೂಸಿನೊಂದಿಗೆ ಬೇಸಿಗೆ ರಜೆಗೆ ವಿದೇಶಕ್ಕೆ ಹೊರಡುವವರಿಗೆ ಪ್ರಶ್ನೆಗಳು ಹಲವು. ವಿಮಾನದಲ್ಲಿ ತೊಟ್ಟಿಲು ಸಿಕ್ಕೀತೇ? ಹಾಲಿನ ಪುಡಿ ಎಷ್ಟು ಒಯ್ಯಬೇಕು? ರಾತ್ರಿಯಿಡೀ ಅತ್ತರೆ ಎತ್ತಿಕೊಳ್ಳುವವರಾರು? ನೂರು ವರ್ಷಗಳ ಹಿಂದೆ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮನೆಗಳಲ್ಲೂ, ಊರಿಗೆ ಹೋಗಲು ದೀರ್ಘ ರಜೆ ಮಂಜೂರಾದೊಡನೆ ಇಂಥದೇ ಚಿಂತೆ. ಕೊನೆಯ ಪ್ರಶ್ನೆಗೆ ಮಾತ್ರ ಅವರಲ್ಲಿ ಸಿದ್ಧ ಉತ್ತರವಿತ್ತು: ಆಯಾ.

ಹಾಯಿಹಡಗಿನಲ್ಲಿ ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಇಂಗ್ಲೆಂಡ್ ಸೇರಲು ನಾಲ್ಕೈದು ತಿಂಗಳು ಬೇಕಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ, ಉಗಿಹಡಗಿನ ಪ್ರಯಾಣ ಕ್ರಮೇಣ ಸುಮಾರು ಮೂರು ವಾರಕ್ಕೆ ಇಳಿಯಿತು. ಆದರೂ ಹೊರಡುವ ಸಮಯವನ್ನು ಲೆಕ್ಕ ಹಾಕಲೇಬೇಕಿತ್ತು. ಜೂನ್ ಬಂತೆಂದರೆ ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಅಬ್ಬರ. ಅದರಾಚೆ ಕೆಂಪು ಸಮುದ್ರದ ಬೇಗೆ. ಆದ್ದರಿಂದ ಅನೇಕ ದೊರೆಸಾನಿಯರು ಮಾರ್ಚ್ ಹೊತ್ತಿಗೇ ಮಕ್ಕಳೊಂದಿಗೆ ಹಡಗು ಹತ್ತುತ್ತಿದ್ದರು.

'ಆಯಾ' ಎಂಬುದು ಪೋರ್ಚುಗೀಸ್ ಮೂಲದ ಪದ. ದಾದಿ ಎಂದು ಅರ್ಥ. ತಾಯಿ ಕಡಲಬೇನೆಯಿಂದ ಹಾಸಿಗೆ ಹಿಡಿದಾಗ ಹಾಲು ಕಾಯಿಸುವುದು, ಬಟ್ಟೆ ಒಗೆಯುವುದು, ತೂಗಾಡುವ ಹಡಗಿನಲ್ಲಿ ಕೂಸನ್ನು ಮಲಗಿಸುವುದು ಎಲ್ಲವೂ ಅವಳ ಪಾಲಿಗೆ. ಹತ್ತಾರು ಸಲ ಕಡಲು ದಾಟಿ, ಇದನ್ನೇ ವೃತ್ತಿಯಾಗಿಸಿಕೊಂಡ ಆಯಾಗಳೂ ಇದ್ದರು.

ಆದರೆ ಹೋಗುವ ದಾರಿಗೆ ಇದ್ದಷ್ಟು ಏರ್ಪಾಡು ಅವಳು ಮರಳುವ ದಾರಿಗೆ ಇರಲಿಲ್ಲ. ಇಂಗ್ಲೆಂಡ್ ತಲುಪಿದ ಮೇಲೆ ಕೆಲವು ಕುಟುಂಬಗಳಿಗೆ ಅವಳ ಅಗತ್ಯ ಮುಗಿಯಿತು. ವಾಪಸಾತಿಯ ಟಿಕೆಟ್ ಕೊಡದೆ ಕೈಬಿಟ್ಟವರುಂಟು. 1908ರಲ್ಲಿ ಒಬ್ಬ ಆಯಾಳನ್ನು ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದಲ್ಲಿ ಒಂದು ಪೌಂಡ್ ಕೊಟ್ಟು ಬಿಟ್ಟುಹೋದದ್ದು ದಾಖಲಾಗಿದೆ. ಭಾಷೆ ಬಾರದ, ನೆಂಟರಿಲ್ಲದ ಊರಿನಲ್ಲಿ ಅವಳು ಎಲ್ಲಿಗೆ ಹೋಗಬೇಕು?

ಇಂಥವರಿಗೆಂದೇ ಲಂಡನ್ನಿನಲ್ಲಿ 'ಆಯಾಗಳ ಮನೆ' ಇತ್ತು. ಮೊದಲು ಆಲ್ಡ್‌ಗೇಟ್‌ನಲ್ಲಿದ್ದ ಅದು 1900ರಲ್ಲಿ ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಗೆ ಬಂತು. ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಲಂಡನ್ ಸಿಟಿ ಮಿಷನ್ ಅದನ್ನು ನಡೆಸುತ್ತಿತ್ತು. ಅಲ್ಲಿನ ಪದ್ಧತಿ ಸರಳ. ಕರೆತಂದ ಕುಟುಂಬ ಆಯಾಳ ವಾಪಸಾತಿ ಟಿಕೆಟನ್ನು ಮನೆಯ ಮೇಲ್ವಿಚಾರಕಿಗೆ ಒಪ್ಪಿಸುವುದು. ಭಾರತಕ್ಕೆ ಹೊರಡುವ ಇನ್ನೊಂದು ಕುಟುಂಬ ಆ ಟಿಕೆಟನ್ನು ಕೊಂಡು, ಅವಳನ್ನು ತನ್ನ ಮಗುವಿಗಾಗಿ ಕರೆದೊಯ್ಯುವುದು. ಅಂದರೆ ತನ್ನ ಊರಿಗೆ ಮರಳಲೂ ಅವಳು ಮತ್ತೊಬ್ಬರ ಕೂಸನ್ನು ಎತ್ತಿಕೊಳ್ಳಬೇಕಿತ್ತು.

ಈ ಹೆಂಗಸರ ಹೆಸರುಗಳು ಉಳಿದಿರುವುದು ವಿರಳ. ಹಡಗಿನ ಪಟ್ಟಿಗಳಲ್ಲಿ ಬಹುಪಾಲು ಇಂಥ ದೊರೆಸಾನಿಯ ಆಯಾ ಎಂದಷ್ಟೇ ಇರುತ್ತದೆ. ಇತಿಹಾಸಕಾರ್ತಿ ರೋಜಿನಾ ವಿಸ್ರಾಮ್ 1986ರಲ್ಲಿ ಪ್ರಕಟಿಸಿದ ಗ್ರಂಥ ಅವರತ್ತ ಗಮನ ಸೆಳೆಯಿತು. 2022ರಲ್ಲಿ ಹ್ಯಾಕ್ನಿಯ ಆ ಮನೆಯ ಗೋಡೆಗೆ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೀಲಿ ಸ್ಮಾರಕ ಫಲಕ ಹಾಕಿತು. ಲಂಡನ್ನಿನ ಇಂಥ ಫಲಕಗಳಲ್ಲಿ ಹೆಚ್ಚಿನವು ಒಬ್ಬೊಬ್ಬ ಹೆಸರಾಂತರಿಗೆ ಸಲ್ಲುತ್ತವೆ. ಇದು ಹೆಸರೇ ಉಳಿಯದ ನೂರಾರು ಮಂದಿಯದು.