ಕಡಲಿಲ್ಲದ ಊರು ಹೇಳುವ ಕಡಲ ಸುದ್ದಿ

"ಕಡಲೇ ಇಲ್ಲದ ಹೈದರಾಬಾದಿನವರು ಮಲ್ಪೆಯ ಮೀನಿನ ಬಗ್ಗೆ ಏನು ಹೇಳಿಯಾರು?" ಕೇಳಲು ನ್ಯಾಯವಾಗಿಯೇ ಇದೆ. ಹೈದರಾಬಾದಿನಿಂದ ಹತ್ತಿರದ ಕಡಲೂ ಸುಮಾರು 300 ಕಿ.ಮೀ. ದೂರ. ಆದರೆ ಉಪಗ್ರಹಗಳ ಮಾಹಿತಿ ಇಳಿಯುವ ನಿಲ್ದಾಣ ಆ ನಗರದ ಪಕ್ಕದ ಶಾದನಗರದಲ್ಲಿದೆ. ದೇಶದ ಸಾಗರ ಮಾಹಿತಿ ಸೇವಾ ಕೇಂದ್ರ 'ಇನ್‌ಕಾಯಿಸ್' 1999ರಿಂದ ಇರುವುದೂ ಹೈದರಾಬಾದಿನಲ್ಲೇ. ಕಾರವಾರದಿಂದ ಮಂಗಳೂರಿನವರೆಗಿನ ಬಂದರುಗಳಿಗೆ ಮೀನು ಸಿಗಬಹುದಾದ ವಲಯದ ಸೂಚನೆ, ಅಲೆಗಳ ಎತ್ತರದ ಮುನ್ಸೂಚನೆ ಅಲ್ಲಿಂದಲೇ ಬರುತ್ತವೆ. ಇಂಥ ಬಂದರಿನಿಂದ ಇಂಥ ದಿಕ್ಕಿಗೆ, ಇಷ್ಟು ದೂರ, ಅಲ್ಲಿ ನೀರಿನ ಆಳ ಇಷ್ಟು ಎಂಬ ಲೆಕ್ಕ ಕನ್ನಡದಲ್ಲೂ ಸಿಗುತ್ತದೆ.

ಇದರ ಬೆನ್ನಿಗೇ ಇನ್ನೊಂದು ನಂಬಿಕೆ ಹುಟ್ಟಿದೆ: ಉಪಗ್ರಹಕ್ಕೆ ಮೀನು ಕಾಣುತ್ತದೆ! ಕಾಣುವುದಿಲ್ಲ. ಅದು ಅಳೆಯುವುದು ಮುಖ್ಯವಾಗಿ ಎರಡು ಸಂಗತಿ, ನೀರಿನ ಮೇಲ್ಮೈಯ ಬಿಸಿ ಮತ್ತು ಬಣ್ಣ. ತಣ್ಣನೆಯ ನೀರೂ ಬೆಚ್ಚಗಿನ ನೀರೂ ಸಂಧಿಸುವ ಗಡಿಯಲ್ಲಿ, ಹಸಿರು ಹೆಚ್ಚಿರುವ ಕಡೆ, ಸೂಕ್ಷ್ಮಸಸ್ಯಗಳು ಬೆಳೆದಿರುತ್ತವೆ. ಅವನ್ನು ತಿನ್ನುವ ಜೀವಿಗಳು, ಆ ಜೀವಿಗಳನ್ನು ತಿನ್ನುವ ಮೀನುಗಳು ಅಲ್ಲಿ ಸೇರಬಹುದು ಎಂಬುದು ಊಹೆ, ಗಟ್ಟಿ ಆಧಾರವಿರುವ ಊಹೆ. ಗಾಳಿ ತಿರುಗಿದರೆ, ಸಾಗರ ಪ್ರವಾಹ ಬದಲಾದರೆ ಆ ಗಡಿಯೂ ಜರುಗುತ್ತದೆ. ಮೂರು ದಿನ ಹಳೆಯ ಸೂಚನೆ ಹಿಡಿದು ಹೋಗಿ ಖಾಲಿ ಬಲೆ ಎಳೆದವರು ಕೇಂದ್ರವನ್ನು ಬೈದರೆ ಅದು ಪೂರ್ತಿ ನ್ಯಾಯವಲ್ಲ.

ಮೋಡದ ಅಡಿಯ ನೀರಿನ ಬಣ್ಣ ಉಪಗ್ರಹಕ್ಕೆ ಕಾಣದು. ಹಾಗಾಗಿ ಆಕಾಶ ತಿಳಿಯಾಗಿರುವ ಫೆಬ್ರವರಿ, ಮಾರ್ಚಿನಲ್ಲಿ ನಕ್ಷೆಗಳು ಚೆನ್ನಾಗಿ ಮೂಡುತ್ತವೆ. ನಕ್ಷೆ ಚೆನ್ನಾಗಿದ್ದ ಮಾತ್ರಕ್ಕೆ ಮೀನು ಹೇರಳವೆಂದಲ್ಲ. ತಮಾಷೆಯೆಂದರೆ, ಕಡಲು ಹೆಚ್ಚು ಹಸಿರಾಗುವ ಮಳೆಗಾಲವನ್ನು ಮೋಡ ಮುಚ್ಚಿಬಿಡುತ್ತದೆ.

"ಚಳಿ ಕಳೆದು ನೀರು ಬೆಚ್ಚಗಾಗುತ್ತಿದ್ದಂತೆ ಮೀನು ದಡಕ್ಕೆ ಬರುತ್ತದೆ" ಎಂಬ ಮಾತು ಈಗೀಗ ಗಾಳ ಹಾಕುವ ಹವ್ಯಾಸಿಗಳ ಬಾಯಲ್ಲಿ ಕೇಳುತ್ತದೆ. ವಿದೇಶಿ ವಿಡಿಯೊಗಳ ಪ್ರಭಾವವಿರಬೇಕು. ಹಿಮ ಬೀಳುವ ದೇಶಗಳ ಕಡಲಿಗೆ ಅದು ಒಪ್ಪುವ ಮಾತು. ನಮ್ಮ ಅರಬ್ಬಿ ಸಮುದ್ರದ ಲೆಕ್ಕ ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧ. ಕರ್ನಾಟಕದ ತೀರದಲ್ಲಿ ಚಳಿಗಾಲದಲ್ಲೂ ನೀರು ಬೆಚ್ಚಗೇ ಇರುತ್ತದೆ. ಏಪ್ರಿಲ್, ಮೇ ಹೊತ್ತಿಗೆ 30 ಡಿಗ್ರಿ ಮುಟ್ಟುತ್ತದೆ. ಬಿಸಿಯಾದ ಮೇಲ್ಪದರ ಮುಚ್ಚಳದ ಹಾಗೆ ಕೂತು, ಆಳದ ಪೋಷಕಾಂಶ ಮೇಲೇರದಂತೆ ತಡೆಯುತ್ತದೆ. ಆ ಮುಚ್ಚಳ ಸರಿಯುವುದು ಮುಂಗಾರಿನಲ್ಲಿ. ಆಗ ಗಾಳಿ ಮತ್ತು ಸಾಗರ ಪ್ರವಾಹಗಳ ಒತ್ತಡಕ್ಕೆ ತಳದ ತಂಪು ನೀರು ಮೇಲೆದ್ದು ಕಡಲು ಹಸಿರಾಗುತ್ತದೆ. ಬೂತಾಯಿ, ಬಂಗುಡೆ ಮೇಯುವುದು, ಕೊಬ್ಬುವುದು ಆ ಹಸಿರಿನಿಂದ. ಮಳೆ ಹಿಂದೆ ಸರಿದ ತಿಂಗಳುಗಳಲ್ಲಿ ಬಲೆ ತುಂಬುವುದಕ್ಕೂ ಮಾರ್ಚಿನಲ್ಲಿ ನಾಡದೋಣಿಯವರ ಮುಖ ಸಪ್ಪಗಾಗುವುದಕ್ಕೂ ಇದೊಂದು ಮುಖ್ಯ ಕಾರಣ. ಟ್ರಾಲ್ ಬೋಟಿನವರು ಆಗ ಬೊಂಡಾಸ್ (ಸ್ಕ್ವಿಡ್) ಮುಂತಾದವನ್ನು ಹುಡುಕಿ ಆಳಕ್ಕೆ ಹೋಗುತ್ತಾರೆ. ಡೀಸೆಲ್ ಖರ್ಚು ಬೇರೆ.

ಇನ್ನು ಅಮಾವಾಸ್ಯೆ, ಹುಣ್ಣಿಮೆ. ಎಲ್ಲವೂ ಚಂದ್ರನ ಕೈಯಲ್ಲಿದೆ ಎನ್ನುವವರೂ ಅದೆಲ್ಲ ಮೂಢನಂಬಿಕೆ ಎನ್ನುವವರೂ ಅರ್ಧ ಸರಿ. ಮಂಗಳೂರಿನಲ್ಲಿ ಉಬ್ಬರ–ಇಳಿತದ ಅಂತರ ಒಂದೂವರೆ ಮೀಟರಿನ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು ಎಂಟು ಮೀಟರನ್ನೂ ದಾಟುತ್ತದೆ. ಅರವತ್ತು ಮೀಟರ್ ಆಳದಲ್ಲಿ ಬಲೆ ಎಳೆಯುವ ಬೋಟಿಗೆ ನಮ್ಮ ಒಂದೂವರೆ ಮೀಟರು ದೊಡ್ಡ ವಿಷಯವಲ್ಲ. ಅಳಿವೆಯಲ್ಲಿ ಮಾತ್ರ ಅದೇ ಯಜಮಾನ. ಅಘನಾಶಿನಿಯಲ್ಲಿ ಚಿಪ್ಪುಮೀನು ಆರಿಸುವವರು ಗಡಿಯಾರ ನೋಡಿ ಹೊರಡುವುದಿಲ್ಲ, ಇಳಿತ ನೋಡಿ ಹೊರಡುತ್ತಾರೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಹೆಚ್ಚು ಹಿಂದೆ ಸರಿದು ಹೆಚ್ಚು ನೆಲ ಬಿಡುತ್ತದೆ. ಇದರಲ್ಲಿ ಮೂಢತನ ಎಲ್ಲಿದೆ?

ಇವೆಲ್ಲಕ್ಕಿಂತ ಅಪಾಯದ ನಂಬಿಕೆ ಒಂದಿದೆ: ಗಾಳಿಯಿಲ್ಲ, ಮೋಡವಿಲ್ಲ, ಆದ್ದರಿಂದ ಕಡಲು ಸುರಕ್ಷಿತ. 2024ರ ಮಾರ್ಚ್ 31ರಂದು ಕೇರಳದ ತೀರದಲ್ಲಿ ಅಲೆಗಳು ಏಕಾಏಕಿ ಮೇಲೇರಿ ದೋಣಿಗಳನ್ನೂ ಮನೆಗಳನ್ನೂ ಹೊಡೆದವು. ಅಲ್ಲಿ ಬಿರುಗಾಳಿ ಇರಲಿಲ್ಲ. ಗಾಳಿ ಬೀಸಿದ್ದು ದಿನಗಳ ಹಿಂದೆ, ಸಾವಿರಾರು ಕಿಲೋಮೀಟರ್ ಆಚೆ, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ. ಅಲ್ಲೆದ್ದ ಉದ್ದನೆಯ ಅಲೆಗಳು ಹೆಚ್ಚು ಶಕ್ತಿ ಕಳೆದುಕೊಳ್ಳದೆ ಇಲ್ಲಿಯವರೆಗೆ ಬರುತ್ತವೆ. ಮಲಯಾಳಿ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಆಳದಲ್ಲಿರುವ ಬೋಟಿಗೆ ಇದು ಅಷ್ಟಾಗಿ ತಿಳಿಯುವುದೇ ಇಲ್ಲ. ನೀರಿನ ಆಳ ಕಡಿಮೆಯಾದಂತೆ ಅಲೆ ಎತ್ತರವಾಗುತ್ತದೆ, ಪೆಟ್ಟು ಬೀಳುವುದು ದಡಕ್ಕೆ ಮತ್ತು ಅಳಿವೆಯ ಬಾಯಿಗೆ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಇದು ಹೆಚ್ಚು. ದಡದಲ್ಲಿ ನಿಂತು ಆಕಾಶ ನೋಡುವ ಎಷ್ಟೇ ಅನುಭವಿ ತಾಂಡೇಲನಿಗೂ (ಬೋಟು ನಡೆಸುವವನಿಗೂ) ಇದರ ಸುಳಿವು ಸಿಗದು. ಹೈದರಾಬಾದಿನ ಗಣಕಗಳಿಗೆ ಮಾತ್ರ ಅದು ಮೊದಲೇ ಗೊತ್ತಾಗುತ್ತದೆ.

ಹಾಗಾಗಿ ಮೀನಿನ ಸೂಚನೆಯನ್ನು ನಂಬುವುದೂ ಬಿಡುವುದೂ ನಿಮ್ಮಿಷ್ಟ. ತಪ್ಪಿದರೆ ಒಂದು ದಿನದ ಡೀಸೆಲ್ ಹೋದೀತು. ಅಲೆಯ ಎಚ್ಚರಿಕೆ ಬಂದ ದಿನ ಮಾತ್ರ ನಾಡದೋಣಿಯನ್ನು ದಡದ ಮೇಲಕ್ಕೆ ಎಳೆದಿಡಿ, ಬಂದರಿನ ಬೋಟುಗಳನ್ನು ಒಂದಕ್ಕೊಂದು ತಾಗದಂತೆ ಅಂತರ ಬಿಟ್ಟು ಕಟ್ಟಿ, ಮಕ್ಕಳನ್ನು ನೀರಿಗೆ ಬಿಡಬೇಡಿ.