ಊರನ್ನು ಮುಚ್ಚಿದ ಮರಳು

ದೇವರ ದರ್ಶನಕ್ಕೆ ಮೆಟ್ಟಿಲು ಹತ್ತುವುದು ನಮ್ಮ ಕಡೆಯ ವಾಡಿಕೆ. ತಲಕಾಡಿನಲ್ಲಿ ಮಾತ್ರ ಇಳಿಯಬೇಕು. ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ಎಲ್ಲರೂ ಮರಳುಗುಡ್ಡದ ನಡುವೆ ತೋಡಿದ ಹೊಂಡಗಳಲ್ಲಿ ನೆಲೆಸಿದ್ದಾರೆ. ಹೊಂಡದ ಅಂಚಿನಲ್ಲಿ ನಿಂತರೆ ಗುಡಿಯ ಚಾವಣಿ ನಮ್ಮ ಕಾಲಿಗಿಂತ ಕೆಳಗಿರುತ್ತದೆ. ಸುತ್ತಮುತ್ತ ಭತ್ತದ ಗದ್ದೆ, ಪಕ್ಕದಲ್ಲೇ ಕಾವೇರಿ. ಇದು ಮರುಭೂಮಿಯಲ್ಲ. ಹಾಗಿದ್ದೂ ರಾಜಸ್ಥಾನದ ಥಾರ್‌ನಲ್ಲಿ ಕಾಣಬೇಕಾದ ಮರಳುದಿಬ್ಬಗಳು ಮೈಸೂರು ಜಿಲ್ಲೆಯ ಈ ಊರಿಗೆ ಬಂದದ್ದು ಹೇಗೆ?

ಜನಪದರಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡರು. ಆ ಪ್ರತಿನಿಧಿಯ ಮಡದಿ ಅಲಮೇಲಮ್ಮ. ಅವಳ ಒಡವೆಗಳಿಗಾಗಿ ಸೈನಿಕರು ಬೆನ್ನಟ್ಟಿದಾಗ ಆಕೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮುನ್ನ ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ಅರಸರಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳು ಎನ್ನುತ್ತದೆ ಕಥೆ. ಮೂರನೆಯ ಶಾಪದ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ. ಮೊದಲಿನ ಎರಡು ನನಗೆ ಹೆಚ್ಚು ಕುತೂಹಲಕರವೆನಿಸುತ್ತವೆ. ಅವೆರಡೂ ಭೂಮಿಯ ಮೇಲೆ ಕಣ್ಣಿಗೆ ಕಾಣುವ ಸಂಗತಿಗಳು.

ತಲಕಾಡು ಸಾಮಾನ್ಯ ಊರೇನೂ ಆಗಿರಲಿಲ್ಲ. ಗಂಗರಿಗೆ ಅದು ಶತಮಾನಗಳ ಕಾಲ ರಾಜಧಾನಿ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಹಿಡಿದು ರಾಜರಾಜಪುರವೆಂದು ಹೆಸರಿಟ್ಟರು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು 'ತಲಕಾಡುಗೊಂಡ' ಎಂಬ ಬಿರುದು ಧರಿಸಿದ, ಗೆಲುವಿನ ನೆನಪಿಗೆ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಮರಳಿನ ಮೇಲೆ ಯಾರೂ ರಾಜಧಾನಿ ಕಟ್ಟುವುದಿಲ್ಲ. ಅಂದರೆ ಮರಳು ಆಮೇಲೆ ಬಂತು.

ಮರಳನ್ನು ತರುವುದು ಗಾಳಿಗೆ ಅಷ್ಟು ಸುಲಭದ ಕೆಲಸವಲ್ಲ. ಇದನ್ನು ಮೊದಲು ಸರಿಯಾಗಿ ಅಳೆದು ನೋಡಿದವರು ಆರ್. ಎ. ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾ ಎಂಜಿನಿಯರ್. ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಗಳಲ್ಲಿ ಮೋಟಾರು ಕಾರಿನಲ್ಲಿ ಅಲೆದಾಡಿದ ಈತ ಲಂಡನ್ನಿಗೆ ಮರಳಿದ ಮೇಲೆ ಗಾಳಿ ಬೀಸುವ ಸುರಂಗವೊಂದನ್ನು ಕಟ್ಟಿ, ಅದರೊಳಗೆ ಮರಳು ಸುರಿದು ಕುಳಿತು ನೋಡಿದರು. 1941ರಲ್ಲಿ ಪ್ರಕಟವಾದ ಅವರ ಪುಸ್ತಕ ಈ ವಿಷಯದಲ್ಲಿ ಇಂದಿಗೂ ಮೂಲಗ್ರಂಥ. ಅವರು ಕಂಡದ್ದು ಇಷ್ಟು: ಮರಳಿನ ಕಣ ಧೂಳಿನಂತೆ ಆಕಾಶಕ್ಕೆ ಏರಿ ತೇಲುವುದಿಲ್ಲ. ಅದು ಕುಪ್ಪಳಿಸುತ್ತದೆ. ಗಾಳಿ ಎತ್ತಿದ ಕಣ ಸ್ವಲ್ಪ ದೂರ ಹಾರಿ ನೆಲಕ್ಕೆ ಬಡಿಯುತ್ತದೆ. ಬಡಿದ ರಭಸಕ್ಕೆ ಬೇರೆ ಕಣಗಳು ಮೇಲೇಳುತ್ತವೆ. ಅವು ಮತ್ತಷ್ಟು ಕಣಗಳನ್ನು ಎಬ್ಬಿಸುತ್ತವೆ. ಹೀಗೆ ಬಂದು ಬಡಿಯುವ ಕಣವೊಂದು ತನ್ನ ಆರರಷ್ಟು ವ್ಯಾಸದ ದಪ್ಪ ಕಣವನ್ನೂ ಮುಂದಕ್ಕೆ ತಳ್ಳಬಲ್ಲದು. ಮರಳುಗಾಳಿಯಲ್ಲಿ ನಿಂತವರ ಮೊಣಕಾಲಿಗೆ ಚುಚ್ಚಿದಷ್ಟು ಮುಖಕ್ಕೆ ಚುಚ್ಚದಿರುವುದಕ್ಕೆ ಕಾರಣವೂ ಇದೇ: ಮರಳಿನ ಸಂಚಾರ ಬಹುಪಾಲು ನೆಲದಿಂದ ಒಂದು ಮೀಟರ್ ಒಳಗೇ ಮುಗಿಯುತ್ತದೆ. ಮರುಭೂಮಿಯ ಬಂಡೆಗಳು ಬುಡದಲ್ಲಿ ಸವೆದು ನಾಯಿಕೊಡೆಯಂತಾಗುವುದರಲ್ಲೂ ಈ ಕುಪ್ಪಳಿಕೆಯ ಪಾಲಿದೆ.

ಬ್ಯಾಗ್ನೋಲ್ಡ್ ಹೇಳಿದ ಇನ್ನೊಂದು ಲೆಕ್ಕ ತಲಕಾಡಿಗೆ ಮುಖ್ಯವಾದದ್ದು. ಕಣಗಳು ಕದಲಲು ಗಾಳಿಗೆ ಒಂದು ಕನಿಷ್ಠ ವೇಗ ಬೇಕು. ಅದನ್ನು ಚೆನ್ನಾಗಿ ದಾಟಿದ ಮೇಲೆ ಸಾಗುವ ಮರಳಿನ ಪ್ರಮಾಣ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ; ವೇಗ ಇಮ್ಮಡಿಯಾದರೆ ಮರಳು ಎಂಟು ಪಟ್ಟು. ವರ್ಷವಿಡೀ ಮೆಲ್ಲಗೆ ಬೀಸುವ ಗಾಳಿ ಮಾಡಲಾರದ್ದನ್ನು ಕೆಲವೇ ವಾರಗಳ ಬಿರುಗಾಳಿ ಮಾಡಿಬಿಡುತ್ತದೆ. ಆದರೆ ಮರಳು ಒಣಗಿರಬೇಕು. ಒದ್ದೆ ಮರಳಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನೆಲದ ಮೇಲೆ ಹುಲ್ಲು, ಪೊದೆ ಇದ್ದರೂ ಗಾಳಿಯ ಆಟ ನಡೆಯದು.

ಈಗ ಕಾವೇರಿಯ ದಡಕ್ಕೆ ಬರೋಣ. ನದಿ ತಲಕಾಡಿನ ಬಳಿ ತಟ್ಟನೆ ತಿರುಗುತ್ತದೆ. ತಿರುವಿನ ಹೊರಬದಿಯಲ್ಲಿ ನೀರು ರಭಸದಿಂದ ಹರಿದು ದಡವನ್ನು ಕೊರೆದು ಆಳ ಮಾಡುತ್ತದೆ; ಒಳಬದಿಯಲ್ಲಿ ನೀರು ನಿಧಾನಿಸಿ ಹೊತ್ತ ಮರಳನ್ನು ಇಳಿಸುತ್ತದೆ. ಇದು ಎಲ್ಲ ನದಿಗಳ ಸ್ವಭಾವ. ಒಳಬದಿಯಲ್ಲಿರುವುದು ತಲಕಾಡು, ಎದುರು ದಡದಲ್ಲಿರುವುದು ಮಾಲಂಗಿ. ಒಂದು ದಡದಲ್ಲಿ ಮರಳು, ಇನ್ನೊಂದರಲ್ಲಿ ಮಡು. ಶಾಪ ಕಟ್ಟಿದವರು ಯಾರೋ ತಿಳಿಯದು, ಆದರೆ ನದಿಯನ್ನು ಚೆನ್ನಾಗಿ ನೋಡಿದ್ದವರು.

ಈ ನದಿಯಿಂದ ಊರಿನತ್ತ ಬೀಸುವುದು ನೈಋತ್ಯದ ಗಾಳಿ. ಇಲ್ಲೊಂದು ವಿಚಿತ್ರವಿದೆ. ಮುಂಗಾರು ಕೊಡಗಿನಲ್ಲಿ ಸುರಿಯುತ್ತದೆ. ತಲಕಾಡಿನ ಬಯಲಿಗೆ ಜೂನ್, ಜುಲೈಯಲ್ಲಿ ಬರುವುದು ಮಳೆಗಿಂತ ಹೆಚ್ಚಾಗಿ ಗಾಳಿ. ಇಲ್ಲಿ ಒಳ್ಳೆಯ ಮಳೆಯಾಗುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಗಾಳಿ ಅತಿ ಜೋರಾಗಿರುವಾಗಲೇ ದಡದ ಮರಳು ಒಣಗಿರುವ ಸಂಭವ ಹೆಚ್ಚು. ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಿಬ್ಬಗಳು ಮುಖ್ಯವಾಗಿ ಮುಂಗಾರಿನ ದಿನಗಳಲ್ಲಿ ವರ್ಷಕ್ಕೆ 9-10 ಅಡಿಯಂತೆ ಊರಿನತ್ತ ಸರಿಯುತ್ತಿದ್ದವೆಂದು ದಾಖಲಿಸಿದ್ದಾರೆ. ವರ್ಷಕ್ಕೆ ಮೂರು ಮೀಟರ್ ಎಂದರೆ ಅಲ್ಪವೆನಿಸಬಹುದು. ಆದರೆ ಅದೇ ವೇಗದಲ್ಲಿ ಮುನ್ನೂರು ವರ್ಷ ಸರಿದರೆ ಒಂಬೈನೂರು ಮೀಟರ್ ಆಯಿತು. ಒಂದು ತಲೆಮಾರಿನವರು ಹಿತ್ತಲಲ್ಲಿ ಕಂಡ ದಿಬ್ಬ ಮುಂದಿನ ತಲೆಮಾರಿನ ಕಾಲಕ್ಕೆ ಮನೆಯ ಮೇಲಿರುತ್ತದೆ. ಜನ ಗಂಟುಮೂಟೆ ಕಟ್ಟಿಕೊಂಡು ಹಿಂದೆ ಸರಿದರು, ಗುಡಿಗಳಿಗೆ ಸರಿಯಲಾಗಲಿಲ್ಲ. ದಿಬ್ಬಕ್ಕೆ ಕಟ್ಟಡ ಅಡ್ಡ ಬಂದರೆ ಗಾಳಿಯ ವೇಗ ಅಲ್ಲೇ ಕುಗ್ಗಿ, ಅದರ ಮಗ್ಗುಲಲ್ಲೇ ಮರಳು ಬೀಳುತ್ತದೆ. ಮರಳನ್ನು ತಡೆಯಲೆಂದು ನಿಂತ ಗೋಡೆಯೇ ಮರಳನ್ನು ಕೂಡಿಹಾಕುತ್ತದೆ.

ಗಾಳಿ ಮೊದಲೂ ಇತ್ತು, ತಿರುವೂ ಇತ್ತು. ಗಂಗರ ಕಾಲದಲ್ಲಿ ಬಾರದ ಮರಳು ಆಮೇಲೇಕೆ ಬಂತು? ವಿಜ್ಞಾನಿ, ಕಾದಂಬರಿಕಾರ ಕೆ. ಎನ್. ಗಣೇಶಯ್ಯ 2007ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ವಾದ ಮಂಡಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವ ಮಂತ್ರಿ ತಲಕಾಡಿನ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟಿಸಿದ. ಕಾಲುವೆಗೆ ನೀರು ಹರಿಯಿತು, ಗದ್ದೆ ಹಸಿರಾಯಿತು. ಆದರೆ ನದಿಯ ಪಾತ್ರದಲ್ಲಿ ನೀರು ತಗ್ಗಿ, ಮುಳುಗಿದ್ದ ಮರಳು ಗಾಳಿಗೆ ತೆರೆದುಕೊಂಡಿತು ಎಂಬುದು ಅವರ ತರ್ಕ. ಊರು ಮರಳಾದ ಮೇಲೆ ಜನ ಕಾರಣ ಹುಡುಕಿದರು, ಅಲಮೇಲಮ್ಮ ಸಿಕ್ಕಳು. ಮರುವರ್ಷವೇ ಭೂವಿಜ್ಞಾನಿ ಕೆ. ಎಸ್. ವಲ್ದಿಯಾ ಅದೇ ಪತ್ರಿಕೆಯಲ್ಲಿ ಬೇರೆ ಕಾರಣ ಕೊಟ್ಟರು: ಇಲ್ಲಿನ ನೆಲದಡಿಯ ಬಿರುಕುಗುಂಟ ಭೂಮಿ ಕದಲಿದ್ದೇ ನದಿಯ ನಡೆ ಬದಲಾಗಲು ಮೂಲ ಎಂದು. ನೆಲ ಕದಲಿದ್ದರೂ ಇರಬಹುದು. ಆದರೂ ನನಗೆ ಅಣೆಕಟ್ಟಿನ ವಾದ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಗಾಳಿಗೆ ಬೇಕಾದ ಎರಡು ಸಾಮಗ್ರಿ, ಒಣಗಿದ ಮತ್ತು ತೆರೆದ ಮರಳು, ಅದರಲ್ಲಿ ನೇರವಾಗಿ ಸಿಗುತ್ತದೆ. ಒಂದು ಕಡೆಯ ಗದ್ದೆಯ ಬೆಲೆಯನ್ನು ಇನ್ನೊಂದು ಕಡೆಯ ಊರು ತೆತ್ತಿತು ಎಂದಾಗುತ್ತದೆ ಆಗ.

ದಿಬ್ಬಗಳ ಓಟಕ್ಕೆ ತಡೆ ಹಾಕಿದ್ದು ಅರಣ್ಯ ಇಲಾಖೆ ಬೆಳೆಸಿದ ಸರ್ವೆ, ನೀಲಗಿರಿ ಮರಗಳು. ನೆಟ್ಟ ಮರ ಮರಳನ್ನು ಹಿಂದಕ್ಕೆ ಕಳಿಸುವುದಿಲ್ಲ. ನೆಲದ ಮಟ್ಟದಲ್ಲಿ ಗಾಳಿಯ ವೇಗ ತಗ್ಗಿಸುತ್ತದೆ, ಉದುರಿದ ಎಲೆ ಕಣಗಳನ್ನು ಮುಚ್ಚುತ್ತದೆ. ಪಂಚಲಿಂಗ ದರ್ಶನಕ್ಕೆ 2013ರಲ್ಲಿ, ಮತ್ತೆ 2020ರಲ್ಲಿ ಬಂದವರು ನಡೆದದ್ದು ಈ ಮರಗಳ ನೆರಳಿನಲ್ಲೇ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯ ಉತ್ಖನನದಿಂದ ಹಳೆಯ ಊರಿನ ಒಂದಿಷ್ಟು ಭಾಗ ಬೆಳಕಿಗೆ ಬಂತು. ಉಳಿದದ್ದು ಇನ್ನೂ ಮರಳಿನ ಕೆಳಗಿದೆ, ಮರಳಿನ ಮೇಲೆ ಮರಗಳಿವೆ. ಅಗೆಯಬೇಕೆಂದರೆ ಮರ ಕಡಿಯಬೇಕು. ಮರ ಕಡಿದರೆ, ಜೂನ್ ಬಂದಾಗ ಗಾಳಿ ಬರುತ್ತದೆ.